ಜೀನಿನಷ್ಟೇ ಹೊಟ್ಟೆಪಟ್ಟಿಯೂ ಮುಖ್ಯ

ಮಾನ್ಯರೇ,

ಕುದುರೆಯ ಜೀನು ಕೊಳ್ಳುವಾಗ ನಾಲ್ಕಾರು ಕಡೆ ವಿಚಾರಿಸುವ ಸವಾರರು, ಅದನ್ನು ಬಿಗಿಯುವ ಹೊಟ್ಟೆಪಟ್ಟಿಯನ್ನು ಮಾತ್ರ ಕೈಗೆ ಸಿಕ್ಕಿದ್ದನ್ನೇ ತರುತ್ತಾರೆ. ಕುದುರೆಯ ಮುಂಗಾಲಿನ ಮೊಣಕೈ ಹಿಂದೆ ಕೂದಲುದುರಿ ಹುಣ್ಣಾಗುವುದು ಹೆಚ್ಚಾಗಿ ಇದರಿಂದಲೇ.

ಬಾಳಿಕೆಯಲ್ಲಿ ಒಳ್ಳೆಯ ಚರ್ಮಕ್ಕೆ ಸಾಟಿಯಿಲ್ಲ. ಆದರೆ ಪ್ರತಿ ಸವಾರಿಯ ನಂತರ ಒದ್ದೆ ಬಟ್ಟೆಯಿಂದ ಬೆವರು ಒರೆಸಿ ನೆರಳಲ್ಲಿ ಒಣಗಿಸಬೇಕು. ಬೆವರಿನ ಉಪ್ಪು ಕೂತರೆ ಚರ್ಮ ಗಡುಸಾಗಿ ಮಡಿಕೆಯಲ್ಲಿ ಬಿರಿಯುತ್ತದೆ, ಆ ಬಿರುಕೇ ಮೈ ಉಜ್ಜುತ್ತದೆ. ಇಷ್ಟು ಆರೈಕೆ ಆಗದವರಿಗೆ ಹತ್ತಿ ಅಥವಾ ಮೊಹೇರ್ (ಅಂಗೋರಾ ಮೇಕೆಯ ಕೂದಲು) ಹುರಿಯ ಪಟ್ಟಿಯೇ ವಾಸಿ: ಗಾಳಿಯಾಡುತ್ತದೆ, ಬೆವರು ಹೀರುತ್ತದೆ. ಒಗೆದಾಗ ಸೋಪು ಪೂರ್ತಿ ಹೋಗಲಿ. ನಿಯೋಪ್ರೀನ್ (ಕೃತಕ ರಬ್ಬರ್) ತೊಳೆಯಲು ಸುಲಭ, ಆದರೆ ಕೆಳಗೆ ಬೆವರು, ಬಿಸಿ ನಿಂತು ಕೆಲವು ಕುದುರೆಗಳಿಗೆ ಗುಳ್ಳೆ ಏಳುತ್ತದೆ. ಕಿರಿದಾದ ಬರೀ ನೈಲಾನ್ ಪಟ್ಟಿ ಬೇಡವೇ ಬೇಡ; ಅಂಚು ಕೊಯ್ಯುತ್ತದೆ.

ಎಲಾಸ್ಟಿಕ್ ಇದ್ದರೆ ಎರಡೂ ತುದಿಗಿರಲಿ. ಮೊಣಕೈಯಿಂದ ಸುಮಾರು ನಾಲ್ಕು ಬೆರಳು ಹಿಂದೆ ಕಟ್ಟಿ, ಮುಂಗಾಲುಗಳನ್ನು ಒಂದೊಂದಾಗಿ ಮುಂದಕ್ಕೆಳೆದು ಪಟ್ಟಿಯಡಿಯ ಮೈಚರ್ಮದ ಸುಕ್ಕು ಬಿಡಿಸಿ. 5 ನಿಮಿಷ ನಡೆಸಿದ ಮೇಲೆ ಬಿಗಿ ಮತ್ತೆ ನೋಡಿ. ಬಕಲ್ ಬುಡದ ಹೊಲಿಗೆಯಲ್ಲಿ ಒಂದು ಎಳೆ ಬಿಟ್ಟಿದ್ದರೂ ಆ ಪಟ್ಟಿಯಲ್ಲಿ ಸವಾರಿ ಮಾಡಬೇಡಿ.

– ಕುದುರೆ ಸವಾರಿ ತರಬೇತುದಾರರು