ಹಳ್ಳಿಯ ಹೃದಯಕ್ಕೂ ಬೇಕು ತಪಾಸಣೆ

ಮಾನ್ಯ ಸಂಪಾದಕರೇ,

ಮೈಬಗ್ಗಿಸಿ ದುಡಿಯುವವರಿಗೆ ಹೃದಯದ ಕಾಯಿಲೆ ಬರುವುದಿಲ್ಲವೆಂಬ ನಂಬಿಕೆ ನಮ್ಮ ಹಳ್ಳಿಗಳಲ್ಲಿ ಇನ್ನೂ ಉಳಿದಿದೆ. 2025ರಲ್ಲಿ ಹಾಸನ ಜಿಲ್ಲೆಯಿಂದ ಸಾಲುಸಾಲಾಗಿ ವರದಿಯಾದ ಹೃದಯಾಘಾತದ ಸಾವುಗಳಿಂದ ಬೆಚ್ಚಿದ ಜನರು ಆಸ್ಪತ್ರೆಗಳಿಗೆ ಮುಗಿಬಿದ್ದರೇ ಹೊರತು, ರಕ್ತದೊತ್ತಡ, ಮಧುಮೇಹ, ತಂಬಾಕುಗಳ ಕುರಿತ ಎಚ್ಚರ ಊರೊಳಗೆ ಬೇರೂರಲಿಲ್ಲ.

ಬೀಡಿ ಬಿಟ್ಟವರು ಕೂಡ ಎಲೆಅಡಿಕೆಯ ಜೊತೆಗಿನ ಹೊಗೆಸೊಪ್ಪನ್ನು ಚಟವೆಂದು ಎಣಿಸುವುದಿಲ್ಲ. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಉಪ್ಪಿನಕಾಯಿ, ಹಪ್ಪಳ, ಒಣಮೀನು ಸೇರಿದ ಊಟದಲ್ಲಿ ಆ ಮಿತಿ ಸುಲಭವಾಗಿ ಮೀರುತ್ತದೆ. ಸೌದೆ ಒಲೆಯ ಹೊಗೆಯಂತೂ ಬೀಡಿ ಮುಟ್ಟದ ಹೆಂಗಸರನ್ನೂ ಬಿಡದು.

ನನ್ನ ಚಿಕ್ಕಪ್ಪನವರು ತಲೆಸುತ್ತು ನಿಂತೊಡನೆ ಬಿಪಿ ಮಾತ್ರೆ ಬಿಟ್ಟರು. ಎರಡು ವರ್ಷಗಳ ಬಳಿಕ ಎದೆ ಹಿಡಿದುಕೊಂಡಾಗ ಗ್ಯಾಸ್ಟ್ರಿಕ್ ಇರಬೇಕೆಂದು ಸೋಡಾ ಕುಡಿದು, ಬೆವರುತ್ತಲೇ ಬೆಳಗಿನವರೆಗೆ ಜಗಲಿಯಲ್ಲಿ ಕುಳಿತಿದ್ದರು. ಜೀವ ಉಳಿಯಿತು, ಹೃದಯದ ಸ್ನಾಯುವಿಗಾದ ಹಾನಿ ಸರಿಹೋಗಲಿಲ್ಲ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ಪರೀಕ್ಷೆಯೂ, ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ, ಮೊದಲ ಕೆಲವೇ ಗಂಟೆಗಳಲ್ಲಿ ನೀಡಿದರೆ ಹೆಚ್ಚು ಫಲಕಾರಿಯಾದ ಟೆನೆಕ್ಟೆಪ್ಲೇಸ್ ಚುಚ್ಚುಮದ್ದೂ ಉಚಿತವಾಗಿ ಸಿಗುತ್ತವೆಂಬ ಸಂಗತಿ ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ.

ಈ ಮಾಹಿತಿಯನ್ನು ಪ್ರತಿ ಊರಿನ ಹಾಲಿನ ಡೇರಿ ಹಾಗೂ ನ್ಯಾಯಬೆಲೆ ಅಂಗಡಿಯ ಗೋಡೆಯ ಮೇಲೆ ದೊಡ್ಡಕ್ಷರಗಳಲ್ಲಿ ಬರೆಸಬೇಕು. ಮುಂಜಾನೆ ಹಾಲು ಹಾಕಲು ಬರುವವರ ರಕ್ತದೊತ್ತಡವನ್ನು ತಿಂಗಳಿಗೊಮ್ಮೆಯಾದರೂ ಅಲ್ಲಿಯೇ ಅಳೆಯುವ ವ್ಯವಸ್ಥೆಯನ್ನು ಆರೋಗ್ಯ ಇಲಾಖೆ ಮಾಡಬೇಕೆಂದು ವಿನಂತಿಸುತ್ತೇನೆ.

– ಓರ್ವ ಓದುಗ, ಹಾಸನ ಜಿಲ್ಲೆ