ರಬ್ಬರಿನಿಂದ ಅಳಿಸಿದ ಅಂಕಿ

ಪ್ರೀತಿಯ ಗೆಳೆಯಾ,

ನಿನ್ನ ಪತ್ರ ತಲುಪಿತು. ಸಂಶೋಧನೆಗೆ ಸೇರಿ ಮೂರು ತಿಂಗಳು ತುಂಬುವ ಮೊದಲೇ ಭೂವಿಜ್ಞಾನದ ಬಿಎಸ್ಸಿ ಮಕ್ಕಳ ಪ್ರಾಯೋಗಿಕ ತರಗತಿಗಳನ್ನು ನಿನಗೆ ಒಪ್ಪಿಸಿದ್ದಾರೆ, ಬರುವ ತಿಂಗಳ ಕ್ಷೇತ್ರ ಪ್ರವಾಸಕ್ಕೂ ನೀನೇ ಕರೆದೊಯ್ಯಬೇಕು ಎಂದು ಬರೆದಿದ್ದೀಯೆ. "ನನಗೇ ಅರ್ಧ ಗೊತ್ತಿಲ್ಲ, ಅವರಿಗೆ ಏನು ಹೇಳಲಿ" ಎಂಬ ಸಾಲನ್ನು ಎರಡು ಸಲ ಓದಿದೆ. ನಾಲ್ಕು ವರ್ಷಗಳ ಹಿಂದೆ ನಾನೂ ಇದೇ ಭಯದಲ್ಲಿದ್ದೆ, ಆ ಭಯದಿಂದಲೇ ಒಂದು ತಪ್ಪು ಮಾಡಿದೆ. ಅದನ್ನು ನಿನಗೆ ಹೇಳಬೇಕು. ನಿನ್ನಂತೆ ಈ ಕೆಲಸ ಹೊತ್ತಿರುವ ಬೇರೆಯವರೂ ಓದಲಿ ಎಂದು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ಚಿತ್ರದುರ್ಗಕ್ಕೆ ಹನ್ನೆರಡು ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಮೊದಲ ದಿನ ಮರಡಿಹಳ್ಳಿಯ ದಿಂಬು ಲಾವಾ ನೋಡಿದೆವು. ಈ ಉಬ್ಬುಗಳು ಕನಿಷ್ಠ 250 ಕೋಟಿ ವರ್ಷಗಳ ಹಿಂದೆ ನೀರಿನಡಿಯಲ್ಲಿ ಉಕ್ಕಿ ತಣಿದವು ಎಂದಾಗ ಒಬ್ಬ ಹುಡುಗ ಸುತ್ತಲಿನ ಒಣ ಹೊಲಗಳನ್ನು ನೋಡಿ, "ಹಾಗಾದರೆ ನಾವೀಗ ಸಮುದ್ರದ ತಳದಲ್ಲಿ ನಿಂತಿದ್ದೇವೆಯೇ ಸರ್?" ಎಂದು ಕೇಳಿದ. ಅವನ ಪ್ರಶ್ನೆಯ ಮುಂದೆ ನನ್ನ ವಿವರಣೆಯೆಲ್ಲ ಸಣ್ಣದಾಗಿ ಕಂಡಿತು. ಆದರೆ ಅಂದು ನಾನು ಅಲ್ಲಿ ನಿಲ್ಲಲಿಲ್ಲ. ಪಟ್ಟಿಯಲ್ಲಿ ಇನ್ನೂ ಐದು ಜಾಗಗಳಿದ್ದವು, ಹೊತ್ತು ಮೀರುತ್ತಿತ್ತು.

ಮರುದಿನ ಕಬ್ಬಿಣದ ಪಟ್ಟೆಶಿಲೆಯ ಒಂದು ದಿಣ್ಣೆ ಹತ್ತಿದೆವು. ಕೆಂಪು, ಬೂದು, ಕಪ್ಪು ಪಟ್ಟೆಗಳು ಸೀರೆಯ ಅಂಚಿನಂತೆ ಹರಿದಿದ್ದವು. ಪದರಗಳ ಸ್ಟ್ರೈಕ್, ಅಂದರೆ ಅವು ಸಮತಲದಲ್ಲಿ ಹಾಯುವ ದಿಕ್ಕು, ಅಳೆಯುವುದು ಅಂದಿನ ಪಾಠ. ಮಕ್ಕಳು ತಡವರಿಸುತ್ತಿದ್ದುದನ್ನು ಕಂಡು ನಾನೇ ದಿಕ್ಸೂಚಿಯನ್ನು ಬಂಡೆಗೆ ಒತ್ತಿ ಹಿಡಿದು, "ಉತ್ತರದಿಂದ 35 ಡಿಗ್ರಿ ಪೂರ್ವಕ್ಕೆ" ಎಂದು ಗಟ್ಟಿಯಾಗಿ ಹೇಳಿಬಿಟ್ಟೆ. ನನಗೆ ಗೊತ್ತಿದೆ ಎಂದು ಅವರಿಗೆ ತೋರಬೇಕಿತ್ತು.

ಸಂಜೆ ಉಳಿದುಕೊಂಡಿದ್ದಲ್ಲಿ ಅಳತೆಗಳನ್ನು ನಕ್ಷೆಯ ಮೇಲೆ ಗುರುತಿಸಲು ಕುಳಿತಾಗ ಆ ಒಂದು ಗೆರೆ ಮಾತ್ರ ಅಡ್ಡ ಬಿತ್ತು. ಚಿತ್ರದುರ್ಗದ ಶಿಲಾಪಟ್ಟಿ ಒಟ್ಟಾರೆ ಉತ್ತರ–ವಾಯವ್ಯದಿಂದ ದಕ್ಷಿಣ–ಆಗ್ನೇಯಕ್ಕೆ ಹಾಯುತ್ತದೆ ಎಂಬುದು ನಿನಗೆ ಗೊತ್ತು. ನನ್ನ ಗೆರೆ ಈಶಾನ್ಯದತ್ತ ತಿರುಗಿತ್ತು. ಹನ್ನೆರಡೂ ನೋಟ್‌ಬುಕ್ ತರಿಸಿ ನೋಡಿದೆ. ಹನ್ನೆರಡರಲ್ಲೂ 35 ಡಿಗ್ರಿ ಪೂರ್ವ! ಒಬ್ಬರೂ ಅಳೆದಿರಲಿಲ್ಲ, ಎಲ್ಲರೂ ನನ್ನ ಮಾತನ್ನು ಬರೆದುಕೊಂಡಿದ್ದರು ಎಂದುಕೊಂಡೆ. ಆದರೆ ಒಂದು ಪುಟದಲ್ಲಿ ಆ ಅಂಕಿಯ ಕೆಳಗೆ ಕಾಗದ ಸ್ವಲ್ಪ ಉಜ್ಜಿದಂತಿತ್ತು. ದೀಪಕ್ಕೆ ಹಿಡಿದು ನೋಡಿದರೆ ರಬ್ಬರಿನಿಂದ ಅಳಿಸಿದ ಪೆನ್ಸಿಲ್ ಗುರುತು: "20 ಡಿಗ್ರಿ ಪಶ್ಚಿಮ."

ಅದು ತರಗತಿಯಲ್ಲಿ ಬಾಯಿ ಬಿಡದ ಒಬ್ಬ ಹುಡುಗಿಯ ಪುಸ್ತಕ. ಬೆಳಿಗ್ಗೆ ತಿಂಡಿಯ ಹೊತ್ತಿನಲ್ಲಿ ಕೇಳಿದೆ. ಬಂಡೆಯ ಸುತ್ತ ಎಲ್ಲರೂ ಮುತ್ತಿಕೊಂಡು ಜಾಗವಿರದಿದ್ದುದರಿಂದ ಹತ್ತು ಹೆಜ್ಜೆ ಹಿಂದೆ ನಿಂತು, ಪಟ್ಟೆಗಳ ನೇರಕ್ಕೆ ಕಣ್ಣಿಟ್ಟು ದೂರದಿಂದಲೇ ಅಳೆದಿದ್ದಳಂತೆ. ನಾನು ಕೂಗಿ ಹೇಳಿದ್ದು ಕೇಳಿಸಿದ ಮೇಲೆ, "ನಿಮ್ಮದೇ ಸರಿ ಇರಬೇಕು ಎಂದುಕೊಂಡೆ ಸರ್" ಎಂದಳು. ಪಟ್ಟೆಗಳಲ್ಲಿದ್ದ ಮ್ಯಾಗ್ನೆಟೈಟ್ ಎಂಬ ಕಾಂತಗುಣದ ಕಬ್ಬಿಣದ ಖನಿಜ ನನ್ನ ಮುಳ್ಳನ್ನು ಎಳೆದಿತ್ತು. ದೂರ ನಿಂತ ಅವಳ ಮುಳ್ಳನ್ನು ಎಳೆದಿರಲಿಲ್ಲ. ಕಬ್ಬಿಣದ ಬಂಡೆಗೆ ದಿಕ್ಸೂಚಿ ತಾಗಿಸಬಾರದು ಎಂದು ಪರೀಕ್ಷೆಯಲ್ಲಿ ನಾನೇ ಬರೆದವನು. ಆ ರಾತ್ರಿಯೆಲ್ಲ ನನ್ನನ್ನು ಕಾಡಿದ್ದು ನನ್ನ ತಪ್ಪು ಅಳತೆಯಲ್ಲ, ಅವಳು ಅಳಿಸಿದ ಸರಿಯಾದ ಅಳತೆ. ಒಂದು ಮಗು ತನ್ನ ಕಣ್ಣಿಗೆ ಕಂಡದ್ದನ್ನು ನನ್ನ ದನಿಗೆ ಅಂಜಿ ಅಳಿಸಿಹಾಕಿತ್ತು.

ಅಂದಿನ ಕಾರ್ಯಕ್ರಮ ಬಿಟ್ಟು ಎಲ್ಲರನ್ನೂ ಮತ್ತೆ ಅದೇ ದಿಣ್ಣೆಗೆ ಕರೆದೊಯ್ದೆ. ನನ್ನ ಅಳತೆ ತಪ್ಪು, ಇವಳದು ಸರಿ ಎಂದೆ. ಎದೆಯ ಮಟ್ಟದಲ್ಲಿ ಹಿಡಿದ ದಿಕ್ಸೂಚಿಯನ್ನು ನಿಧಾನವಾಗಿ ಬಂಡೆಯ ಹತ್ತಿರ ಇಳಿಸಿದಾಗ ಮುಳ್ಳು ಹೊರಳುವುದನ್ನು ಒಬ್ಬೊಬ್ಬರೂ ನೋಡಿದರು. ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಆಮೇಲೆ ಒಬ್ಬ ತನ್ನ ಸುತ್ತಿಗೆಯನ್ನು ದೂರ ಇಟ್ಟು ಬಂದು ಮತ್ತೆ ಅಳೆದ. ಇನ್ನೊಬ್ಬ ಎದುರು ತುದಿಗೆ ಓಡಿ, ಅಲ್ಲಿಂದ ಈ ಕಡೆಗೆ ಅಳೆದು, ಎರಡೂ ಅಂಕಿ ಹೊಂದುತ್ತವೆಯೇ ಎಂದು ತಾಳೆ ನೋಡಿದ. ಪ್ರವಾಸದಲ್ಲಿ ಮೊದಲ ಬಾರಿಗೆ ಅವರು ನನ್ನೊಂದಿಗೆ ವಾದಕ್ಕಿಳಿದರು.

ಅಂದಿನಿಂದ ನನ್ನ ಗುಂಪಿನಲ್ಲಿ ರಬ್ಬರ್ ಇಲ್ಲ. ತಪ್ಪೆನಿಸಿದರೆ ಒಂದೇ ಗೆರೆ ಎಳೆ, ಕೆಳಗಿನದು ಓದಲು ಬರಬೇಕು. ನನ್ನ ಅಂಕಿಯನ್ನು ಎಲ್ಲರಿಗಿಂತ ಕೊನೆಯಲ್ಲಿ ಹೇಳುತ್ತೇನೆ. ಖನಿಜ ಗುರುತಿಸುವ ತರಗತಿಯಲ್ಲೂ ಅಷ್ಟೇ, ಖನಿಜದ ಹೆಸರು ಆಮೇಲೆ, ಚಿತ್ರ ಮೊದಲು. ಬಯೊಟೈಟ್ ಎಂದು ಪುಸ್ತಕದ ಪದ ಬರೆಯುವ ಬದಲು, "ಕಾಗೆಬಂಗಾರದಂತೆ ಹೊಳೆಯುತ್ತದೆ, ಉಗುರಿಗೆ ಪದರ ಪದರವಾಗಿ ಏಳುತ್ತದೆ" ಎಂದು ಬರೆದವನಿಗೆ ಅಂಕ ಕಡಿಮೆ ಮಾಡಬೇಡ. ಹಳ್ಳಿಯ ಶಾಲೆಗಳಿಂದ ಬಂದವರಿಗೆ ಕಲ್ಲು ಗೊತ್ತು, ಇಂಗ್ಲಿಷ್ ಹೆಸರು ಗೊತ್ತಿಲ್ಲ. ಈ ಎರಡನ್ನೂ ಒಂದೇ ಎಂದು ತಿಳಿಯುವ ಮೇಷ್ಟ್ರುಗಳು ಇದ್ದಾರೆ, ನೀನು ಹಾಗಾಗಬೇಡ.

ಪಾಠದ ಹೊರಗಿನ ಪ್ರಶ್ನೆಗಳೂ ನಿನ್ನ ಬಳಿಗೇ ಬರುತ್ತವೆ. ಪ್ರಾಧ್ಯಾಪಕರ ಕೊಠಡಿಗೆ ಹೋಗಲು ಹಿಂಜರಿಯುವವರು ನಮ್ಮ ಮೇಜಿನ ಬಳಿ ಬಂದು ನಿಲ್ಲುತ್ತಾರೆ. ಹೋದ ವರ್ಷ ಒಬ್ಬ ಹುಡುಗ ಬಂದ. ಅಪ್ಪ ತೋಟದಲ್ಲಿ ನಾಲ್ಕನೆಯ ಕೊಳವೆಬಾವಿ ಕೊರೆಸಲು ಹೊರಟಿದ್ದಾರೆ, ಅಂಗೈಯಲ್ಲಿ ತೆಂಗಿನಕಾಯಿ ಇಟ್ಟುಕೊಂಡು ನೀರು ನೋಡುವವರನ್ನು ಕರೆಸಿದ್ದಾರೆ, ಮೊದಲ ಮೂರರಲ್ಲೂ ನೀರಿಲ್ಲ, ಸಾಲ ಇದೆ. "ನೀನು ಓದುತ್ತಿರುವುದು ಇದನ್ನೇ ಅಲ್ಲವೇ ಎಂದು ಅಪ್ಪ ಕೇಳಿದರು, ಏನು ಹೇಳಲಿ ಸರ್?" ನೈಸ್ ಎಂಬ ಎಳೆ ಎಳೆಯಾದ ಗಟ್ಟಿ ಶಿಲೆಯಲ್ಲಿ ನೀರು ಇರುವುದು ಶಿಥಿಲವಾದ ಮೇಲ್ಪದರದಲ್ಲಿ ಮತ್ತು ಬಿರುಕುಗಳಲ್ಲಿ ಎಂದು ಅವನಿಗೂ ಗೊತ್ತಿತ್ತು. ಅದನ್ನೇ ಮತ್ತೆ ಹೇಳದೆ, ಸುತ್ತಲಿನ ತೋಟಗಳಿಗೆ ಹೋಗಿ ಯಾವ ಬಾವಿ ಎಷ್ಟು ಅಡಿ, ಎಷ್ಟನೆಯ ಅಡಿಗೆ ಪುಡಿ ಒದ್ದೆಯಾಯಿತು, ಪುಡಿಯ ಬಣ್ಣ ಯಾವುದು ಎಂದು ಕೇಳಿ ಬರೆದುಕೊಂಡು ಬಾ ಎಂದೆ. ದೀಪಾವಳಿ ರಜೆ ಮುಗಿಸಿ ಹತ್ತೊಂಬತ್ತು ಬಾವಿಗಳ ಲೆಕ್ಕ ತಂದ. ನೀರಿದ್ದವು ಹೆಚ್ಚಿನಂಶ ಹಳ್ಳದ ಪಕ್ಕದ ಒಂದು ಸಾಲಿನಲ್ಲಿದ್ದವು, ಅಪ್ಪನ ಮೂರೂ ಹಾಸುಬಂಡೆಯ ಕಡೆಗಿದ್ದವು. ಅಪ್ಪ ಆ ಪುಟವನ್ನು ಬಹಳ ಹೊತ್ತು ನೋಡಿ, ಕೊರೆಯುವ ಲಾರಿಯವರಿಗೆ ಸದ್ಯಕ್ಕೆ ಬೇಡ ಎಂದರಂತೆ.

ನೀನು ಬೆಂಗಳೂರಿನಲ್ಲಿದ್ದೀಯೆ, ಮೊದಲ ಪ್ರವಾಸಕ್ಕೆ ದೂರ ಹೋಗಬೇಡ. ಲಾಲ್‌ಬಾಗಿನ ಬಂಡೆ ಸಾಕು. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ, ಸುತ್ತಿಗೆಗಳನ್ನು ಇಲಾಖೆಯಲ್ಲೇ ಬಿಟ್ಟು ಹೋಗಿ. ಅದಕ್ಕೆ 300 ಕೋಟಿ ವರ್ಷ ವಯಸ್ಸು, 1916ರಲ್ಲಿ ಮೈಸೂರು ಭೂವಿಜ್ಞಾನ ಇಲಾಖೆಯ ಸ್ಮೀತ್ ಈ ಬಗೆಯ ಶಿಲೆಯನ್ನು ಪೆನಿನ್ಸುಲಾರ್ ನೈಸ್ ಎಂದು ಕರೆದರು ಎಂಬುದನ್ನೆಲ್ಲ ಆಮೇಲೆ ಹೇಳಿದರಾಯಿತು. ಮೊದಲು ಅರ್ಧ ಗಂಟೆ ಆ ಬಿಳಿ–ಬೂದು ಎಳೆಗಳ ಮೇಲೆ ಕೂರಿಸಿ ಚಿತ್ರ ಬರೆಸು. ನೀನು ಸುಮ್ಮನಿರು. ಆ ಅರ್ಧ ಗಂಟೆ ಬಹಳ ಕಷ್ಟ, ತಡೆದುಕೋ.

ಆ ಹುಡುಗಿ ಈಗ ಎಂಎಸ್ಸಿ ಕೊನೆಯ ವರ್ಷದಲ್ಲಿದ್ದಾಳೆ. ಅದೇ ದಿಣ್ಣೆಗಳ ಮೇಲೆ ಪ್ರಬಂಧ ಬರೆಯುತ್ತಿದ್ದಾಳೆ. ಮೊನ್ನೆ ತನ್ನ ನೋಟ್‌ಬುಕ್ಕಿನ ಒಂದು ಪುಟದ ಚಿತ್ರ ಕಳುಹಿಸಿದ್ದಳು. ಒಂದೇ ಜಾಗಕ್ಕೆ ಎರಡು ಅಳತೆಗಳು, ಒಂದರ ಮೇಲೆ ಒಂದೇ ಗೆರೆ, ಎರಡೂ ಓದಲು ಬರುತ್ತಿದ್ದವು. ಯಾವುದು ಸರಿ ಎಂದು ನನ್ನನ್ನು ಕೇಳಿರಲಿಲ್ಲ. ಭಾನುವಾರ ಬೆಳಗಿನ ಮೊದಲ ಬಸ್ಸಿಗೆ ಗೆಳತಿಯರೊಂದಿಗೆ ಮತ್ತೆ ಅಲ್ಲಿಗೆ ಹೋಗುತ್ತಿದ್ದೇನೆ ಎಂದಷ್ಟೇ ಬರೆದಿದ್ದಳು.

ಪ್ರವಾಸ ಮುಗಿಸಿ ಬಂದು ಬರೆ. ಮಕ್ಕಳು ಬರೆದ ಚಿತ್ರಗಳಲ್ಲಿ ಎರಡಾದರೂ ಕಳುಹಿಸು.

ನಿನ್ನ,
ಹಳೆಯ ಗೆಳೆಯ