ಬೀರುವಿನಲ್ಲಿ ಬೀಗ ಹಾಕಿದ ತಿಮಿಂಗಿಲಗಳು

ಮಾನ್ಯ ಸಂಪಾದಕರೇ,

ಪಳೆಯುಳಿಕೆಗಳ ಸುದ್ದಿ ಪತ್ರಿಕೆಗಳಲ್ಲಿ ಬಂದಾಗಲೆಲ್ಲ ಪ್ರಾಣಿ ಎಷ್ಟು ದೊಡ್ಡದಿತ್ತು, ಎಷ್ಟು ಕೋಟಿ ವರ್ಷ ಹಳೆಯದು ಎಂಬ ಎರಡು ಸಂಗತಿಗಳು ತಪ್ಪದೆ ಇರುತ್ತವೆ. ಆ ಮೂಳೆ ಈಗ ಎಲ್ಲಿದೆ, ಅದನ್ನು ಇನ್ನೊಬ್ಬರು ಹೋಗಿ ನೋಡಬಹುದೇ, ಅದರ ಅಚ್ಚಾಗಲಿ ಸ್ಕ್ಯಾನ್ ಆಗಲಿ ಸಿಗುತ್ತದೆಯೇ ಎಂಬ ವಿವರ ಮಾತ್ರ ಇರುವುದಿಲ್ಲ. ಬಹುಕಾಲ ಪದವಿ ತರಗತಿಗಳಿಗೆ ಭೂವಿಜ್ಞಾನ ಕಲಿಸಿದ ನನಗೆ ಈ ಎರಡನೆಯ ಬಗೆಯ ಪ್ರಶ್ನೆಗಳೇ ದೊಡ್ಡವೆನಿಸುತ್ತವೆ. ಕಡಲ ಸಸ್ತನಿಗಳ ವಿಷಯದಲ್ಲಂತೂ ಇವನ್ನು ಕೇಳದೆ ಇರಲಾಗದು, ಏಕೆಂದರೆ ನೆಲದ ಮೇಲೆ ನಾಲ್ಕು ಕಾಲಿನಲ್ಲಿ ಓಡಾಡಿಕೊಂಡಿದ್ದ ಜೀವಿಯೊಂದು ತಿಮಿಂಗಿಲವಾದ ಬಗೆಗೆ ಸಿಕ್ಕಿರುವ ಅತ್ಯಂತ ಹಳೆಯ ಸಾಕ್ಷ್ಯಗಳಲ್ಲಿ ಬಹುಪಾಲು ಭಾರತ ಮತ್ತು ಪಾಕಿಸ್ತಾನದ ಬಂಡೆಗಳಿಂದಲೇ ಬಂದಿವೆ.

ಭೂವಿಜ್ಞಾನಿ ಎ. ರಂಗರಾವ್ ಅವರ ಸಂಗ್ರಹದ ಕಥೆಯನ್ನೇ ನೋಡಿ. ಜಮ್ಮು ಪ್ರಾಂತ್ಯದ ಕಾಲಾಕೋಟ್ ಬಳಿ ಸಿಕ್ಕ ಹಲ್ಲು ಮತ್ತು ದವಡೆಯ ತುಣುಕುಗಳನ್ನು ಆಧರಿಸಿ ಅವರು 1971ರಲ್ಲಿ ಇಂಡೋಹಯಸ್ ಎಂಬ ಪುಟ್ಟ ಗೊರಸಿನ ಪ್ರಾಣಿಗೆ ಹೆಸರಿಟ್ಟರು. ಅದೇ ಜಾಗದಿಂದ ತಂದ ಇನ್ನಷ್ಟು ಕಲ್ಲುಗಳು ಒಡೆಯದೆ, ಶುಚಿಗೊಳ್ಳದೆ ಡೆಹ್ರಾಡೂನಿನಲ್ಲಿ ಉಳಿದವು. ಅವರು ತೀರಿಕೊಂಡ ಮೇಲೆ ಪತ್ನಿ ಫ್ರೀಡ್‌ಲಿಂಡೆ ಓಬರ್‌ಗ್‌ಫೆಲ್, ತಾವೂ ಭೂವಿಜ್ಞಾನಿಯೇ, ಆ ರಾಶಿಯನ್ನು ಹೊರಗೆಸೆಯದೆ ಕಾಪಾಡಿಕೊಂಡರು. ಮುಂದೆ ಅಮೆರಿಕದಲ್ಲಿ ಕೆಲಸ ಮಾಡುತ್ತಿದ್ದ ಹಾನ್ಸ್ ಥೆವಿಸ್ಸೆನ್ ಅವರಿಗೆ ಅಧ್ಯಯನಕ್ಕೆಂದು ಒಪ್ಪಿಸಿದರು. ಅಲ್ಲಿ ಕಲ್ಲಿನಿಂದ ತಲೆಬುರುಡೆಯನ್ನು ಬಿಡಿಸುತ್ತಿದ್ದ ಸಹಾಯಕರೊಬ್ಬರ ಕೈಯಲ್ಲಿ ಒಂದು ಚೂರು ಆಕಸ್ಮಿಕವಾಗಿ ಮುರಿಯಿತು. ಆ ಮುರುಕಿನಲ್ಲಿ ಕಂಡದ್ದು ಕಿವಿಯ ಮೂಳೆ.

ಈ ಮೂಳೆಯನ್ನು ಕಾಣದವರು ಒಂದು ಕವಡೆಯನ್ನು ಅಂಗೈಯಲ್ಲಿಟ್ಟುಕೊಂಡು ತಿರುಗಿಸಿ ನೋಡಿದರೆ ಸಾಕು. ಒಂದು ಕಡೆಯ ಗೋಡೆ ತೆಳು, ಇನ್ನೊಂದು ಕಡೆಯ ಅಂಚು ಒಳಮುಖವಾಗಿ ಸುರುಳಿದಂತೆ ದಪ್ಪ. ಒಳ ಅಂಚು ಹೀಗೆ ದಪ್ಪಗಾಗಿರುವುದು ತಿಮಿಂಗಿಲ ಮತ್ತು ಡಾಲ್ಫಿನ್‌ಗಳ ಗುರುತೆಂದು ವಿಜ್ಞಾನಿಗಳು ಅಲ್ಲಿಯವರೆಗೆ ನಂಬಿದ್ದರು. ಬೆಕ್ಕಿನಷ್ಟು ಗಾತ್ರದ, ನಮ್ಮ ಮಲೆನಾಡಿನವರು ಬರ್ಕ ಎಂದು ಕರೆಯುವ ಕಿರುಜಿಂಕೆಯನ್ನು ಹೋಲುವ ಪ್ರಾಣಿಯ ತಲೆಯಲ್ಲಿ ಅದು ಸಿಕ್ಕಿತು. ಕಾಲಿನ ಮೂಳೆಗಳನ್ನು ಕೊಯ್ದು ನೋಡಿದಾಗ ಅವುಗಳ ಹೊರಪದರ ದಪ್ಪಗೆ, ಭಾರವಾಗಿ ಇತ್ತು. ನೀರಿನಲ್ಲಿ ತೇಲಿಹೋಗದೆ ತಳದಲ್ಲಿ ನಡೆಯುವ ಪ್ರಾಣಿಗೆ ಬೇಕಾದದ್ದು ಇಂಥ ಮೂಳೆಯೇ. ಸುಮಾರು 4.8 ಕೋಟಿ ವರ್ಷಗಳ ಹಿಂದಿನ ಈ ಜೀವಿಯ ಬಳಗವು ತಿಮಿಂಗಿಲಗಳಿಗೆ ಅತಿ ಹತ್ತಿರದ ನೆಂಟರೆಂಬ ಪ್ರಬಂಧ 2007ರ ಡಿಸೆಂಬರಿನಲ್ಲಿ ಪ್ರಕಟವಾಯಿತು. ಹೆಸರಿಟ್ಟ ವರ್ಷದಿಂದ ಲೆಕ್ಕ ಹಾಕಿದರೆ 36 ವರ್ಷ. ಈ ನಡುವೆ ಯಾರಾದರೂ ಮನೆ ಸ್ವಚ್ಛ ಮಾಡುವ ಹುಮ್ಮಸ್ಸಿನಲ್ಲಿ ಆ ಕಲ್ಲುಗಳನ್ನು ಕಾಂಪೌಂಡಿನ ಪಾಯಕ್ಕೆ ತುಂಬಿಸಿದ್ದರೆ ಕೇಳುವವರು ಯಾರಿದ್ದರು?

ಗುಜರಾತಿನ ಕಛ್ ಜಿಲ್ಲೆಯೂ ಇಂಥದೇ ಖಜಾನೆ. ಹರೂಡಿ ಗ್ರಾಮದ ಸುತ್ತಲಿನ ಪದರಗಳಿಂದ ಅಶೋಕ್ ಸಾಹ್ನಿ ಮತ್ತು ಅವರ ಸಹೋದ್ಯೋಗಿಗಳು 1970ರ ದಶಕದಲ್ಲೇ ಪ್ರಾಚೀನ ತಿಮಿಂಗಿಲಗಳನ್ನು ವರ್ಣಿಸಿದ್ದರು. ಕಛ್‌ನಲ್ಲೇ ಸಿಕ್ಕ ಉದ್ದ ಮೂತಿಯ ಪುಟ್ಟ ತಿಮಿಂಗಿಲ ಕಚ್ಛಿಸೀಟಸ್‌ಗೆ 2000ದಲ್ಲಿ ಹೆಸರಾಯಿತು. ಅದೇ ಜಿಲ್ಲೆಯ ಪಾನಂಧ್ರೊ ಲಿಗ್ನೈಟ್ ಗಣಿಯಲ್ಲಿ 2005ರಲ್ಲಿ ಸಿಕ್ಕ 27 ಬೆನ್ನುಮಣಿಗಳು ಮೊದಲು ಮೊಸಳೆಯವೆಂದು ಭಾವಿಸಲ್ಪಟ್ಟು ಪ್ರಯೋಗಾಲಯದಲ್ಲಿ ಉಳಿದಿದ್ದವು. ಅವು ವಾಸುಕಿ ಇಂಡಿಕಸ್ ಎಂಬ ಬೃಹತ್ ಹಾವಿನವು ಎಂದು ಲೋಕಕ್ಕೆ ತಿಳಿದದ್ದು 2024ರಲ್ಲಿ. ಹಾವು ನನ್ನ ಪತ್ರದ ವಿಷಯವಲ್ಲ, ನಿಜ. ಆದರೆ ಒಂದೆರಡು ಜೋಡಿ ಕಣ್ಣುಗಳಷ್ಟೇ ನೋಡಿದ ಮೂಳೆಗೆ ಎಷ್ಟು ಕಾಲ ತಪ್ಪು ಹೆಸರು ಅಂಟಿಕೊಂಡಿರಬಹುದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಸಿಗಲಾರದು.

ಇಂಥ ತಪ್ಪು ಹೊಸದೂ ಅಲ್ಲ. ಅಮೆರಿಕದ ರಿಚರ್ಡ್ ಹಾರ್ಲನ್ 1834ರಲ್ಲಿ ಭಾರಿ ಬೆನ್ನುಮಣಿಗಳನ್ನು ಕಂಡು ಇದೊಂದು ಸರೀಸೃಪವೆಂದು ಬಗೆದು, ಹಲ್ಲಿಗಳ ರಾಜನೆಂಬ ಅರ್ಥದಲ್ಲಿ ಬೆಸಿಲೊಸಾರಸ್ ಎಂದು ಕರೆದ. ಆತನ ದೊಡ್ಡತನವೆಂದರೆ ಮೂಳೆಗಳನ್ನು ಬಚ್ಚಿಡದೆ ತಾನೇ ಲಂಡನ್ನಿಗೆ ಒಯ್ದು ಅಂಗರಚನಾ ತಜ್ಞ ರಿಚರ್ಡ್ ಓವೆನ್ ಮುಂದೆ ಇಟ್ಟದ್ದು. ಓವೆನ್ 1839ರಲ್ಲಿ ಎರಡು ಬೇರುಗಳ ಹಲ್ಲುಗಳನ್ನು ಪರೀಕ್ಷಿಸಿ, ಇದು ಸಸ್ತನಿ, ತಿಮಿಂಗಿಲಗಳ ಬಳಗದ್ದು ಎಂದ. ಮೊದಲಿಟ್ಟ ಹೆಸರೇ ಉಳಿಯಬೇಕೆಂಬ ನಿಯಮದಿಂದಾಗಿ ಆ ತಿಮಿಂಗಿಲ ಇಂದಿಗೂ ಹಲ್ಲಿಗಳ ರಾಜನಾಗಿಯೇ ಇದೆ, ಪಾಪ.

ಹಂಚಿಕೊಳ್ಳುವ ಕೆಲಸ ಇಂದು ಹಡಗು ಹತ್ತುವಷ್ಟು ಕಷ್ಟದ್ದಲ್ಲ. ಚಿಲಿ ದೇಶದ ಅಟಕಾಮಾದಲ್ಲಿ ಕಾಲ್ಡೆರಾ ಪಟ್ಟಣದ ಬಳಿ 2010ರಲ್ಲಿ ಹೆದ್ದಾರಿ ಅಗಲಗೊಳಿಸುವಾಗ ತಿಮಿಂಗಿಲಗಳ ಅಸ್ಥಿಪಂಜರಗಳು ಒಂದರ ಪಕ್ಕದಲ್ಲೊಂದು ಕಾಣಿಸಿಕೊಂಡವು. ಕೊನೆಗೆ 40ಕ್ಕೂ ಹೆಚ್ಚಾದವು. ರಸ್ತೆ ಕೆಲಸ ಬಹಳ ದಿನ ನಿಲ್ಲುವಂತಿರಲಿಲ್ಲ. ಅಮೆರಿಕದ ಪಳೆಯುಳಿಕೆ ತಜ್ಞ ನಿಕೊಲಸ್ ಪಯೆನ್ಸನ್ ಮತ್ತು ಚಿಲಿಯ ವಿಜ್ಞಾನಿಗಳು, ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ಸ್ಕ್ಯಾನಿಂಗ್ ತಂಡವನ್ನು ಕರೆಸಿ, ಮೂಳೆಗಳನ್ನು ನೆಲದಿಂದ ಎತ್ತುವ ಮೊದಲೇ ಅವು ಬಿದ್ದಿದ್ದ ಸ್ಥಿತಿಯನ್ನು ಮೂರು ಆಯಾಮದಲ್ಲಿ ಸೆರೆಹಿಡಿದರು. ಇಲ್ಲಿ ಸಾಕ್ಷ್ಯವಿದ್ದದ್ದು ಮೂಳೆಯಲ್ಲಿ ಮಾತ್ರವಲ್ಲ, ಬಿದ್ದ ಭಂಗಿಯಲ್ಲಿಯೂ: ಹೆಚ್ಚಿನವು ಹೊಟ್ಟೆ ಮೇಲಾಗಿ, ನಾಲ್ಕು ಬೇರೆ ಬೇರೆ ಮಟ್ಟಗಳಲ್ಲಿ ಇದ್ದವು. ವಿಷಕಾರಿ ಪಾಚಿ ಹಬ್ಬಿ, ಕಡಲಿನಲ್ಲೇ ಸತ್ತ ಪ್ರಾಣಿಗಳು ಮತ್ತೆ ಮತ್ತೆ ದಡಕ್ಕೆ ಬಂದು ಬಿದ್ದಿರಬೇಕೆಂದು 2014ರಲ್ಲಿ ಅವರು ವಾದಿಸಿದರು. ಆ ಮೂಳೆಗಳು ಈಗ ರಸ್ತೆಯ ಪಕ್ಕದಲ್ಲಿಲ್ಲ. ಆದರೆ ಅವರ ವಾದವನ್ನು ಒಪ್ಪದವರು ಸ್ಕ್ಯಾನ್‌ಗಳನ್ನು ತೆರೆದು ತಾವೇ ಅಳೆದು ನೋಡಬಹುದು.

ನನ್ನದೊಂದು ಅನುಭವವನ್ನೂ ಸಂಕೋಚದಿಂದಲೇ ಹೇಳುತ್ತೇನೆ. ನಾನು ಪಾಠ ಮಾಡಿದ ಕಾಲೇಜೊಂದರ ಬೀರುವಿನಲ್ಲಿ ಹಿರಿಯರು ಅಧ್ಯಯನ ಪ್ರವಾಸದಿಂದ ತಂದಿಟ್ಟಿದ್ದ, ಪಕ್ಕೆಲುಬಿನಂತಿದ್ದ ಭಾರವಾದ ತುಂಡೊಂದಿತ್ತು. ಅಷ್ಟು ಗಟ್ಟಿಯಾದ ಪಕ್ಕೆಲುಬು ಕಡಲಹಸು ಎಂಬ ಕಡಲ ಸಸ್ತನಿಯದಿರಬಹುದು ಎಂದು ನನ್ನ ಊಹೆ. ಚೀಟಿಯನ್ನು ಗೆದ್ದಲು ತಿಂದಿತ್ತು, ದಾಖಲೆ ಪುಸ್ತಕದಲ್ಲಿ ‘ಪಳೆಯುಳಿಕೆ, ಒಂದು’ ಎಂದಷ್ಟೇ ಇತ್ತು. ಯಾವ ಊರು, ಯಾವ ಪದರ ಎಂಬುದು ಗೊತ್ತಿಲ್ಲದ ಮೇಲೆ ಅದು ಬಾಗಿಲಿಗೆ ಅಡ್ಡವಿಡುವ ಕಲ್ಲಿಗಿಂತ ಹೆಚ್ಚಿನದಾಗಿ ಉಳಿಯಲಿಲ್ಲ. ಅದರ ಫೋಟೊ, ತೂಕ, ಅಳತೆಗಳನ್ನು ಆಗಲೇ ಬರೆದು ಬೇರೊಬ್ಬರಿಗೆ ಕಳುಹಿಸಿಡುವ ಬುದ್ಧಿ ನನಗೂ ಬರಲಿಲ್ಲ.

ನಮ್ಮ ರಾಜ್ಯದ ಮಕ್ಕಳಿಗೆ ಇದು ಬೇರೆ ಕಾರಣಕ್ಕೂ ಮುಖ್ಯ. ಲಾಲ್‌ಬಾಗಿನ ಗುಡ್ಡದ ಕಲ್ಲು ಸುಮಾರು 300 ಕೋಟಿ ವರ್ಷ ಹಳೆಯದು. ಅದು ಹುಟ್ಟಿದಾಗ ಮೂಳೆಯೆಂಬುದೇ ಲೋಕದಲ್ಲಿ ಇರಲಿಲ್ಲ. ಅಂಥ ನೆಲದಲ್ಲಿ ಬೆಳೆದ ವಿದ್ಯಾರ್ಥಿ ತಿಮಿಂಗಿಲದ ಪಳೆಯುಳಿಕೆಯನ್ನು ಮುಟ್ಟಬೇಕಾದರೆ ಅಚ್ಚು ಅಥವಾ ಮೂರು ಆಯಾಮದಲ್ಲಿ ಮುದ್ರಿಸಿದ ಪ್ರತಿಕೃತಿಯೇ ಗತಿ. (ಇಟಲಿಗೆ ಆಮದಾದ ಈಜಿಪ್ಟಿನ ಸುಣ್ಣಕಲ್ಲನ್ನು ಹಲಗೆಗಳಾಗಿ ಸೀಳಿದಾಗ ತಲೆಬುರುಡೆಯೊಂದು ಹೋಳುಹೋಳಾಗಿ ಕಾಣಿಸಿಕೊಂಡು, 2011ರಲ್ಲಿ ಈಜಿಪ್ಟೊಸೀಟಸ್ ಎಂಬ ಹೊಸ ತಿಮಿಂಗಿಲವಾದದ್ದುಂಟು, ಆದ್ದರಿಂದ ಹೊರದೇಶದ ಮಾರ್ಬಲ್ ಕೊಯ್ಯುವ ನಮ್ಮ ಕಲ್ಲಿನ ಕಾರ್ಖಾನೆಗಳವರೂ ಒಂದು ಕಣ್ಣಿಟ್ಟಿರಲಿ. ಗ್ರಾನೈಟಿನಲ್ಲಂತೂ ಹುಡುಕುವುದು ಬೇಡ.)

ಕೇಂದ್ರ ಗಣಿ ಸಚಿವಾಲಯವು ಪಳೆಯುಳಿಕೆಗಳಿರುವಂಥ ಭೂಪರಂಪರೆಯ ತಾಣಗಳನ್ನು ಕಾಪಾಡುವ ಮಸೂದೆಯ ಕರಡನ್ನು 2022ರ ಡಿಸೆಂಬರಿನಲ್ಲಿ ಸಾರ್ವಜನಿಕರ ಮುಂದಿಟ್ಟಾಗ, ಅಧಿಕಾರವೆಲ್ಲ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯೊಂದರಲ್ಲೇ ಕೂಡಿಬೀಳುತ್ತದೆಂದು ಹಲವು ಸಂಶೋಧಕರು ಆಕ್ಷೇಪಿಸಿದ್ದರು. ಆ ಆಕ್ಷೇಪಣೆ ಸರಿಯಾದದ್ದೇ. ಆದರೆ ವಿಶ್ವವಿದ್ಯಾಲಯದ ಬೀರುವಿನ ಬೀಗ ತೆಗೆದು ಸರ್ಕಾರಿ ಗೋದಾಮಿನ ಬೀಗ ಹಾಕಿದರೂ, ಅಥವಾ ಅದನ್ನೇ ತಿರುಗಿಸಿ ಮಾಡಿದರೂ, ಹೊರಗೆ ನಿಂತವರ ಪಾಲಿಗೆ ಎರಡೂ ಒಂದೇ. ಸಾರ್ವಜನಿಕ ಹಣದಲ್ಲಿ ಅಗೆದ ಪ್ರತಿಯೊಂದು ಮಾದರಿಗೂ ಒಂದು ಸಂಖ್ಯೆ, ಅದನ್ನಿಟ್ಟಿರುವ ಜಾಗದ ಹೆಸರು, ಪ್ರಬಂಧ ಪ್ರಕಟವಾದ ದಿನದಿಂದಲೇ ಯಾರು ಬೇಕಾದರೂ ಇಳಿಸಿಕೊಳ್ಳಬಹುದಾದ ಸ್ಕ್ಯಾನ್ ಇರಬೇಕೆಂಬ ಷರತ್ತು ಕಾನೂನಿನಲ್ಲಿ ಸೇರಬೇಕು. ಸಿಕ್ಕ ಜಾಗದ ನಿಖರ ಅಕ್ಷಾಂಶ, ರೇಖಾಂಶಗಳನ್ನು ಮಾತ್ರ ಸಂಶೋಧಕರಿಗಷ್ಟೇ ಕೊಡುವುದು ಒಳಿತು. ಪಳೆಯುಳಿಕೆ ಕದ್ದು ಮಾರುವವರಿಗೆ ನಾವೇ ದಾರಿ ತೋರಿಸಬೇಕಾಗಿಲ್ಲ.

ಇಲ್ಲಿ ಕೂಡಲೇ ಆಗಬಹುದಾದ ಕೆಲಸವೂ ಇದೆ. ಬೆಂಗಳೂರಿನ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯವೂ ಮಂಗಳೂರಿನ ಪಿಲಿಕುಳದ ವಿಜ್ಞಾನ ಕೇಂದ್ರವೂ ಇಂಡೋಹಯಸ್ ಮತ್ತು ಕಚ್ಛಿಸೀಟಸ್‌ಗಳ ಪ್ರತಿಕೃತಿಗಳನ್ನು ತರಿಸಿ, ಗಾಜಿನ ಹಿಂದಿಡದೆ ಮಕ್ಕಳು ಮುಟ್ಟುವಂತೆ ಮೇಜಿನ ಮೇಲಿಡಲಿ. ಪಕ್ಕದಲ್ಲಿ ಕನ್ನಡದ ವಿವರಣೆಯಿರಲಿ, ಒಂದು ಕವಡೆಯೂ ಇರಲಿ. ತಮ್ಮ ಪತ್ರಿಕೆಯಲ್ಲಿ ನನ್ನ ಕೋರಿಕೆ ಇಷ್ಟೆ: ಮುಂದಿನ ಸಲ ಪಳೆಯುಳಿಕೆಯ ಸುದ್ದಿ ಅಚ್ಚಾಗುವಾಗ ಪ್ರಾಣಿಯ ಉದ್ದದ ಜೊತೆಗೆ ಮಾದರಿಯ ಸಂಖ್ಯೆಯನ್ನೂ ಅದಿರುವ ಸಂಸ್ಥೆಯ ಹೆಸರನ್ನೂ ಒಂದು ಸಾಲಿನಲ್ಲಿ ಸೇರಿಸಿ.

ಇತಿ,
ನಿವೃತ್ತ ಭೂವಿಜ್ಞಾನ ಉಪನ್ಯಾಸಕ,
ಉಡುಪಿ